ಒಂದಕ್ಕೆ ಹನ್ನೆರಡು

ಬಿರುಕು ಅಳೆಯುವುದು ನನ್ನ ಕೆಲಸ.
ಗ್ರೋನಿಂಗನ್ ಸೀಮೆಯ ನೆಲದಡಿಯಿಂದ ಅನಿಲ ತೆಗೆದರು,
ವರ್ಷಗಟ್ಟಲೆ. ಟೊಳ್ಳಾದ ನೆಲ
ಆಗಾಗ ಮಗ್ಗುಲು ಬದಲಿಸುತ್ತದೆ.
ಅದಾಗಿ ಎಂಟು ತಿಂಗಳ ಮೇಲೆ
ಟಾರ್ಚು, ಏಣಿ, ಪಾರದರ್ಶಕ ಅಳತೆಪಟ್ಟಿ ಹೊತ್ತು
ನಾನು ಬೆಲ್ ಒತ್ತುತ್ತೇನೆ.

ಹಿಲ್ಯೆ ಬಾಲ್ಕೆಮಾ ಬಾಗಿಲು ತೆರೆದದ್ದು ಮೊಣಕೈಯಿಂದ.
ಬೆರಳೆಲ್ಲ ಅಂಟು.
"ಬನ್ನಿ. ಇಟ್ಟಿಗೆ ಒಣಗುತ್ತಿದೆ,
ಅದರ ಮೇಲೆ ಉಸಿರು ಬಿಡಬೇಡಿ."

ಅಡಿಗೆಮೇಜಿನ ಮೇಲೆ ಅದೇ ಮನೆ,
ಮೊಣಕಾಲೆತ್ತರ.

ಇಟ್ಟಿಗೆ ಅಂದರೆ ಮೊಟ್ಟೆ ಬರುವ ಬೂದು ರಟ್ಟು,
ಕತ್ತರಿಸಿ, ಕಾಫಿಯ ಗಸಿಯಲ್ಲೊಮ್ಮೆ
ಕೆಂಪು ಮೆಣಸಿನ ಪುಡಿಯಲ್ಲೊಮ್ಮೆ ಹೊರಳಿಸಿದ್ದು.
"ನೂರ ಎಂಬತ್ತು ಆಮ್ಲೆಟ್," ಎಂದಳು,
"ಬರೀ ಪಡುವಣ ಗೋಡೆಗೆ."
ನೆಲದ ಹಲಗೆಗೆ ಪೆಟ್ರೋಲ್ ಬಂಕಿನಲ್ಲಿ ಕಾಫಿ ಕಲಕಲು ಇಡುವ ಕಡ್ಡಿ.
ಶಾಲೆಯ ಬಸ್ಸು ಓಡಿಸುತ್ತಾಳೆ; ಡೀಸೆಲ್ ತುಂಬಿಸಿದಾಗೆಲ್ಲ
ಒಂದು ಹಿಡಿ, ಕೋಟಿನ ಜೇಬಿಗೆ.
ಅದನ್ನು ವರದಿಯಲ್ಲಿ ಬರೆಯಬೇಡಿ, ಎಂದಳು.
ಪರದೆಗೆ ಚಹಾದ ಚೀಲ
ಬಿಚ್ಚಿ, ಕೊಡವಿ, ಹಗ್ಗಕ್ಕೆ ಹಾಕಿ ಒಣಗಿಸಿದ್ದು.
ಕಲೆ ಹಾಗೇ ಉಳಿದಿದೆ. ನಿಜದ ಪರದೆಯಲ್ಲೂ ಇದೆ.
ದೀಪದ ಬುರುಡೆಗೆ ಟೂತ್‌ಪೇಸ್ಟಿನ ಮುಚ್ಚಳ,
ಕನ್ನಡಿಗೆ ಚಾಕೊಲೇಟಿನ ಬೇಗಡೆ,
ಉಗುರಿನಿಂದ ತಿಕ್ಕಿ ತಿಕ್ಕಿ ನುಣುಪಾದದ್ದು.
ಬಗ್ಗಿ ನೋಡಿದೆ. ನನ್ನ ಮುಖ ಸುಕ್ಕುಗಟ್ಟಿತ್ತು.
ಪೂರ್ತಿ ಬೇಗಡೆಯ ತಪ್ಪಲ್ಲ.

ಆದರೆ ಒಲೆಗೂಡಿನ ಹಂಚುಗಳು!
ಮೊಟ್ಟೆಯ ಸಿಪ್ಪೆ. ಚಿಮುಟದಲ್ಲಿ ಹಿಡಿದು
ಒಂದೊಂದಾಗಿ ಅಂಟಿಸಿ, ಒಂದೊಂದರ ಮೇಲೂ
ನೀಲಿ ಬಾಲ್‌ಪೆನ್ನಿನಲ್ಲಿ
ಗಾಳಿಗಿರಣಿ, ದೋಣಿ, ಗಾಳ ಹಾಕಿದ ಹುಡುಗ,
ಐದು ಕಾಲಿನ ಒಂದು ಹಸು.
"ಎಲ್ಸ್ಕೆ ಬರೆದದ್ದು. ಬಾಲ ಅಂತಾಳೆ."

ಮನೆ ಕಟ್ಟಿ ನೋಡು ಎಂದವರು
ಅಳತೆ ಹೇಳಿರಲಿಲ್ಲ.

ನನ್ನ ಕೆಲಸ ನಾನು ಮಾಡಿದೆ.
ಹದಿನಾಲ್ಕು ಬಿರುಕು. ಹದಿಮೂರು ಎಲ್ಲ ಮನೆಯಲ್ಲೂ ಇರುವಂಥವು.
ಹದಿನಾಲ್ಕನೆಯದು ಅಡಿಗೆಕೋಣೆಯ ಕಿಟಕಿಯ ಹೆಗಲಿಂದ
ಮೆಟ್ಟಿಲಿಳಿದಂತೆ ಇಳಿದು ನೆಲ ಮುಟ್ಟಿತ್ತು.
"ಎಷ್ಟು?"
ಹನ್ನೆರಡು ಮಿಲಿಮೀಟರ್.
"ಹಾಗಾದರೆ ನನಗೆ ಒಂದು," ಎಂದು ಸೂಜಿ ಎತ್ತಿಕೊಂಡಳು.

ಈ ಮನೆ ಮಾರ್ಚಿಯಲ್ಲಿ ಬೀಳುತ್ತದೆ. ಕಾಗದ ಬಂದಿದೆ.
ಅದೇ ಜಾಗದಲ್ಲಿ ಹೊಸದು ಕೊಡುತ್ತಾರೆ, ನೆಟ್ಟಗಿರುವುದು,
ಸ್ಪ್ರಿಂಗಿನ ಅಡಿಪಾಯದ್ದು.

ಬುಧವಾರ, ಅರ್ಧ ದಿನದ ಶಾಲೆ. ಮಗಳು ಚೀಲ ಎಸೆದು ಬಂದವಳೇ
"ಬಿರುಕು ಬೇಡಮ್ಮ," ಅಂದಳು.
"ಅದರೊಳಗೆ ನೀನೇ ಕಾಗದ ಹಾಕುತ್ತಿದ್ದೆಯಲ್ಲೇ,
ಗೋಡೆಯ ಅಂಚೆಪೆಟ್ಟಿಗೆ ಅಂತ?"
ಎಲ್ಸ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಹಾಗಾದರೆ ಕಾಗದಗಳನ್ನೂ ಹಾಕು. ಏಳಿವೆ."

ಬಸ್ಸಿನ ಹಳೇ ಚೀಟಿಯ ಅಂಚು ಕತ್ತರಿಸಿ
ಅಕ್ಕಿಯ ನುಚ್ಚಿನಷ್ಟು ಏಳು ಕಾಗದ ಮಡಚಿದರು.
ಐದನೆಯದನ್ನು ತುರುಕುವಾಗ ಪಡುವಣ ಗೋಡೆ
ಬುಡ ಬಿಟ್ಟು ವಾಲಿತು.
"ಹಿಡೀರಿ!"

ಹಿಡಿದೆ. ಎರಡು ಬೆರಳಲ್ಲಿ.
ಅಂಟು ಕಚ್ಚಲು ಹತ್ತು ನಿಮಿಷ ಬೇಕಂತೆ.
ಇಪ್ಪತ್ತೊಂದು ವರ್ಷ ಗೋಡೆಗಳ ಮುಂದೆ ನಿಂತಿದ್ದೇನೆ,
ಸಂಖ್ಯೆ ಬರೆದುಕೊಂಡು ಹೊರಟಿದ್ದೇನೆ.
ಯಾವುದನ್ನೂ ಹಿಡಿದಿರಲಿಲ್ಲ.
ಹೊರಗೆ ಬೀಟ್‌ರೂಟಿನ ಲಾರಿ ಹೋಯಿತು; ದೊಡ್ಡ ಮನೆ ಗದಗದ ಅಂದಿತು,
ಸಣ್ಣದು ನನ್ನ ಬೆರಳಿಗೆ ಆತುಕೊಂಡು
ಅಲ್ಲಾಡದೆ ನಿಂತಿತು.

ಆಮೇಲೆ ಪಕ್ಕದ ಬೀದಿಯಲ್ಲಿ
ಹಾರ್ಮ್ ಓಲ್ಡೆನ್‌ಹೌಸ್ ಕೈ ಕುಲುಕಿದ,
ಬಿಡಿಸಿಕೊಳ್ಳಲು ತುಸು ತಡವಾಯಿತು.
ಏನಿದು, ಎಂದ.
ಇಟ್ಟಿಗೆ, ಎಂದೆ.